ಹಲೋ, ಕೇಳಿಸ್ತಿದೆಯಾ?

ಎಲ್ಲರಿಗೂ ನಮಸ್ಕಾರ. ಈ ಸೊಸೈಟಿ ಹಾಲ್ ಒಳಗೆ ಎಷ್ಟು ಜನರ ಫೋನಿಗೆ ಟವರ್ ಸಿಗುತ್ತಿದೆ, ನೋಡಿಕೊಳ್ಳಿ. ಕಿಟಕಿ ಪಕ್ಕ ಕೂತವರಿಗೆ ಎರಡು ಕಡ್ಡಿ, ಆ ಗೋಡೆ ಕಡೆಯವರಿಗೆ ಏನೂ ಇಲ್ಲ, ಅಲ್ವಾ? ಮಲೆನಾಡಿನವರಿಗೆ ಇದು ಹೊಸದಲ್ಲ. ಆದರೆ ಮಾತು ಕಟ್ ಕಟ್ ಆಗೋದಕ್ಕೆಲ್ಲ ಟವರೇ ಕಾರಣ ಅಲ್ಲ.

ಹೋದ ಮಳೆಗಾಲದಲ್ಲಿ ಬೆಂಗಳೂರಿನಿಂದ ಅಮ್ಮನಿಗೆ ಫೋನ್ ಮಾಡಿದರೆ ಅವರ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. 'ಏನಮ್ಮಾ? ಏನು?' ಅಂತ ನಾನು ಮತ್ತೆ ಮತ್ತೆ ಕೇಳುತ್ತಿದ್ದೆ, ಮಗನಿಗೆ ಕೆಲಸದ ಗಡಿಬಿಡಿ ಇರಬೇಕು ಅಂದುಕೊಂಡು ಅವರು ಬೇಗ ಫೋನ್ ಇಟ್ಟುಬಿಡುತ್ತಿದ್ದರು. ಎರಡು ತಿಂಗಳು ಹೀಗೇ ಹೋಯಿತು. ಹಬ್ಬಕ್ಕೆ ಬಂದಾಗ ಫೋನ್ ತಿರುಗಿಸಿ ನೋಡಿದರೆ, ಚಾರ್ಜರ್ ಚುಚ್ಚುವ ಜಾಗದ ಪಕ್ಕದ ಸಣ್ಣ ತೂತಿನಲ್ಲಿ ಅಕ್ಕಿಹಿಟ್ಟು ಗಟ್ಟಿಯಾಗಿ ಕೂತಿತ್ತು. ಮೈಕ್ ಇರುವುದೇ ಅಲ್ಲಿ. ಒಣಗಿದ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿದೆ, ಅಷ್ಟೇ. ಎರಡು ತಿಂಗಳ ಮಾತು ಹಾಳಾಗಿದ್ದು ಒಂದು ಚಿಟಿಕೆ ಹಿಟ್ಟಿನಿಂದ, ನನಗೆ ಇವತ್ತಿಗೂ ಅದು ಬೇಜಾರು.

ಅದಕ್ಕೇ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಯಾರ ಮಾತು ಯಾರಿಗೆ ಕೇಳಿಸ್ತಿಲ್ಲ? ನಿಮ್ಮ ಮಾತು ಯಾರಿಗೂ ಸರಿಯಾಗಿ ಕೇಳಿಸದಿದ್ದರೆ ಫೋನಿನ ರೆಕಾರ್ಡರ್‌ನಲ್ಲಿ ನಾಲ್ಕು ಮಾತು ಆಡಿ, ಕೇಳಿ ನೋಡಿ. ಅಲ್ಲೂ ಮಂಕಾಗಿದ್ದರೆ ಮೈಕ್ ತೊಂದರೆ, ಟವರ್‌ಗೂ ಅದಕ್ಕೂ ಸಂಬಂಧ ಇಲ್ಲ. ಬೇರೆಯವರ ಮಾತು ನಿಮಗೆ ಸಣ್ಣಗೆ ಕೇಳಿದರೆ ಕಿವಿಗೆ ಇಡುವ ಕಡೆಯ ಜಾಲರಿ ನೋಡಿ. ಸ್ಕ್ರೀನ್ ಗಾರ್ಡ್ ಅದರ ಮೇಲೆ ಕೂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದರೆ ಪಿನ್ನು, ಸೂಜಿ ಮಾತ್ರ ಚುಚ್ಚಬೇಡಿ. ಒಳಗಿನ ತೆಳು ಪೊರೆ ಹರಿದರೆ ಮೈಕ್ ಬದಲಾಯಿಸಬೇಕಾಗುತ್ತದೆ. ಸಿಮ್ ತೆಗೆಯುವ ತೂತು ಅಂದುಕೊಂಡು ಮೈಕಿಗೆ ಪಿನ್ ಹಾಕುವವರೂ ಇದ್ದಾರೆ.

ರೆಕಾರ್ಡಿಂಗ್ ಚೆನ್ನಾಗಿದ್ದೂ, ಅವರ ಮಾತು ನಿಮಗೆ ಕೇಳಿ, ನಿಮ್ಮದು ಮಾತ್ರ ಅವರಿಗೆ ಒಡೆದು ಒಡೆದು ಕೇಳಿಸುತ್ತದೆಯಾ? ಆಗ ಸಿಗ್ನಲ್ ಮೇಲೆ ಅನುಮಾನ ಪಡಿ. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ. 4ಜಿಯಲ್ಲಿ ನಿಮ್ಮ ಫೋನ್ ಸಾಮಾನ್ಯವಾಗಿ ಎಷ್ಟೇ ಕೂಗಿದರೂ ಒಂದು ವ್ಯಾಟ್‌ನ ಐದನೇ ಒಂದು ಭಾಗ, 200 ಮಿಲಿವ್ಯಾಟ್, ಅಷ್ಟೇ. ಹಾಗಾಗಿ ದೂರದ ಟವರ್ ದನಿ ನಿಮಗೆ ಮುಟ್ಟುತ್ತದೆ, ನಿಮ್ಮದು ಅಲ್ಲಿಗೆ ಮುಟ್ಟುವುದಿಲ್ಲ. ಟವರ್ ಕಡಿಮೆ ಇರುವ ಕಡೆ ಫೋನ್ ಬಿಸಿಯಾಗಿ ಬ್ಯಾಟರಿ ಬೇಗ ಇಳಿಯುವುದಕ್ಕೂ ಈ ಕೂಗಾಟ ಒಂದು ಕಾರಣ.

ಕಡ್ಡಿಗಳನ್ನು ಜಾಸ್ತಿ ನಂಬಬೇಡಿ, ಒಂದೊಂದು ಕಂಪನಿ ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಒಳಗೆ ಸಿಗ್ನಲ್ ಎಷ್ಟು ಬಲವಾಗಿದೆ ಅಂತ ಹೇಳುವ, ಡಿಬಿಎಂ ಅನ್ನುವ ಒಂದು ಸಂಖ್ಯೆ ಇರುತ್ತದೆ. 4ಜಿಯಲ್ಲಿ ಮೈನಸ್ 85 ಇದ್ದರೆ ಆರಾಮ, ಮೈನಸ್ 115 ದಾಟಿದರೆ ಕಷ್ಟ. 10 ಇಳಿಯಿತು, ಅಂದರೆ ಮೈನಸ್ 85 ಇದ್ದದ್ದು ಮೈನಸ್ 95 ಆಯಿತು ಅಂದರೆ, ಸಿಗ್ನಲ್ ಹತ್ತನೇ ಒಂದು ಭಾಗಕ್ಕೆ ಬಂತು ಅಂತ ಅರ್ಥ. ಆ ಸಂಖ್ಯೆ ನೋಡುತ್ತಾ ಅಡುಗೆಮನೆಯಿಂದ ಜಗಲಿಗೆ, ಅಲ್ಲಿಂದ ಅಂಗಳಕ್ಕೆ ನಡೆಯಿರಿ, ಮನೆಯಲ್ಲಿ ಯಾವ ಮೂಲೆ ಒಳ್ಳೆಯದು ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದರೆ ವೈಫೈ ಕಾಲಿಂಗ್ ಆನ್ ಮಾಡಿ, ಆಗ ಕರೆ ಟವರ್ ಬದಲು ಮನೆಯ ವೈಫೈ ಮೂಲಕ ಹೋಗುತ್ತದೆ. ನಮ್ಮ ದೇಶದಲ್ಲಿ ಇದನ್ನು 2019ರ ಡಿಸೆಂಬರ್‌ನಲ್ಲಿ ಏರ್‌ಟೆಲ್, ಮರುತಿಂಗಳು ಜಿಯೋ ಶುರು ಮಾಡಿದವು. ಅದೇ ನಂಬರ್, ಬೇರೆ ಆ್ಯಪ್ ಬೇಡ. ಅಮ್ಮನ ಫೋನಿನಲ್ಲಿ ಈಗ ಅದೇ ಇದೆ. ಆದರೆ ಕರೆಂಟ್ ಹೋದರೆ ರೂಟರ್ ಸತ್ತುಹೋಗುತ್ತದೆ, ಅದಕ್ಕೆ ಒಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳಿ.

ಸಿಗ್ನಲ್ ಜಾಸ್ತಿ ಮಾಡುತ್ತದೆ ಅಂತ ಆನ್‌ಲೈನ್‌ನಲ್ಲಿ ಸಿಗುವ ಬೂಸ್ಟರ್ ಬೇಡ. ಅನುಮತಿ ಇಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ, ಸುತ್ತಲಿನವರ ನೆಟ್‌ವರ್ಕ್ ಕೂಡ ಕೆಡುತ್ತದೆ. ಇಷ್ಟೆಲ್ಲ ನೋಡಿಯೂ ಸರಿಹೋಗದಿದ್ದರೆ ನಿಮ್ಮ ಸಿಮ್ ಕಂಪನಿಯ ದೂರಿನ ನಂಬರ್ 198ಕ್ಕೆ ಫೋನ್ ಮಾಡಿ ದೂರು ಕೊಡಿ, ಅವರು ಆ ದೂರಿಗೆ ಕೊಡುವ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಮುಂದೆ ಮೇಲ್ಮನವಿ ಹಾಕುವುದು ಕಷ್ಟ.

ಈಗ ಎಲ್ಲರೂ ಫೋನ್ ಕೈಗೆ ತೆಗೆದುಕೊಳ್ಳಿ. ನಾಲ್ಕು ಹೊಸ ಬ್ರಷ್ ತಂದಿದ್ದೇನೆ. ಅಜ್ಜಿ, ನಿಮ್ಮ ಫೋನಿನ ಕವರ್ ಒಂಚೂರು ಬಿಚ್ಚಿ ಕೊಡ್ತೀರಾ?