ಮೊದಲ ವರ್ಷದ ನಾಲ್ಕು ನಿಮಿಷ

ಕೇಳುಗರಿಗೆ ನಮಸ್ಕಾರ.

ಮಗ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮಿಗೆ ಸೆಲೆಕ್ಟ್ ಆದ ಅಂದರೆ ಮನೆಯಲ್ಲಿ ಎಲ್ಲರಿಗೂ ಖುಷಿ. ಮೊದಲ ಮ್ಯಾಚ್ ಮುಗಿಸಿ ಬಂದವನಿಗೆ ಬಾಗಿಲಲ್ಲೇ ಪ್ರಶ್ನೆ: ‘ಎಷ್ಟು ಪಾಯಿಂಟ್ ಹೊಡೆದೆ?’ ಎರಡು ಅಂದರೆ ಅಪ್ಪನ ಮುಖ ಸಪ್ಪಗಾಗುತ್ತದೆ. ಪಿಯುಸಿಯಲ್ಲಿ ಇಪ್ಪತ್ತು ಹೊಡೆಯುತ್ತಿದ್ದ ಹುಡುಗ, ಅಲ್ವಾ?

ಸ್ವಲ್ಪ ಲೆಕ್ಕ ಹಾಕೋಣ. ಒಂದು ಮ್ಯಾಚ್ ಅಂದರೆ 40 ನಿಮಿಷ. ಕೋರ್ಟಿನಲ್ಲಿ ಐದು ಜನ. ಅಂದರೆ ಕೋಚ್ ಹಂಚಬಹುದಾದದ್ದು 200 ನಿಮಿಷ. ಟೀಮಿನಲ್ಲಿ 12 ಜನ ಇರುತ್ತಾರೆ. ಐವರು ಸೀನಿಯರ್‌ಗಳು ತಲಾ 32 ನಿಮಿಷ ಆಡಿದರೆ 160 ಅಲ್ಲಿಗೇ ಹೋಯಿತು. ಮಿಕ್ಕ ಏಳು ಜನರಿಗೆ 40 ನಿಮಿಷ. ಹೊಸಬನಿಗೆ ನಾಲ್ಕು ನಿಮಿಷ ಸಿಕ್ಕರೆ ಪುಣ್ಯ. ಚೆಂಡು ಸಿಕ್ಕ ಟೀಮು 24 ಸೆಕೆಂಡಿನೊಳಗೆ ರಿಂಗಿಗೆ ಹೊಡೆಯಬೇಕು. ಎರಡೂ ಕಡೆಯವರು ಪೂರ್ತಿ ಹೊತ್ತು ತೆಗೆದುಕೊಂಡರೆ ನಾಲ್ಕು ನಿಮಿಷದಲ್ಲಿ ನಮಗೆ ಚೆಂಡು ಸಿಗುವುದು ಐದು ಸಲ. ಅದರಲ್ಲಿ ಇವನ ಕೈಗೆ ಬರುವುದು ಒಂದೋ ಎರಡೋ. ಅಷ್ಟರಲ್ಲಿ ಎರಡು ಪಾಯಿಂಟ್ ಬಂದಿದ್ದರೆ ಜಾಸ್ತಿಯೇ ಆಯಿತು. 2017ರಲ್ಲಿ ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಹೆಣ್ಣುಮಕ್ಕಳು ಕಜಾಕಿಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್‌ನ ಬಿ ಡಿವಿಷನ್, ಅಂದರೆ ಎರಡನೇ ದರ್ಜೆಯ ಟೂರ್ನಿ, ಗೆದ್ದರು. ಅಲ್ಲೂ ಅಂತರ ಎರಡೇ ಪಾಯಿಂಟ್. ಎರಡು ಅಂದರೆ ಕಮ್ಮಿಯೇನಲ್ಲ.

ಆ ನಾಲ್ಕು ನಿಮಿಷದಲ್ಲಿ ಕೋಚ್ ನೋಡುವುದೇ ಬೇರೆ. ಚೆಂಡು ಕಳೆದುಕೊಂಡ ಮೇಲೆ ಓಡಿ ವಾಪಸ್ ಬಂದನಾ? ರಿಬೌಂಡ್‌ಗೆ, ಅಂದರೆ ರಿಂಗಿಗೆ ಬಡಿದು ವಾಪಸ್ ಬರುವ ಚೆಂಡಿಗೆ, ಎದುರಾಳಿಯನ್ನು ಬೆನ್ನಿಂದ ತಡೆದು ನಿಂತನಾ? ಸುಮ್ನೆ ಕೈ ಹಾಕಿ ಫೌಲ್ ಮಾಡಿದನಾ? ಸ್ಕೋರ್‌ಶೀಟಿನಲ್ಲಿ ಇದರಲ್ಲಿ ಫೌಲ್ ಒಂದೇ ಕಾಣುತ್ತದೆ.

ಇನ್ನೊಂದು ಕಷ್ಟವಿದೆ. ನನ್ನ ಪ್ರಕಾರ ಅದೇ ದೊಡ್ಡದು. ಸ್ಕೂಲಿನಲ್ಲಿ ಕ್ಲಾಸಿಗೇ ಎತ್ತರದ ಹುಡುಗನನ್ನು ರಿಂಗಿನ ಕೆಳಗೆ ನಿಲ್ಲಿಸುತ್ತಾರೆ. ಚೆಂಡು ಕೊಡುತ್ತಾರೆ, ಅವನು ತಿರುಗಿ ಹಾಕುತ್ತಾನೆ. ವರ್ಷಗಟ್ಟಲೆ ಅಷ್ಟೇ ಕೆಲಸ. ಕಾಲೇಜಿಗೆ ಬರುವ ಹೊತ್ತಿಗೆ ಅವನ ಬೆಳವಣಿಗೆ ಆರಡಿಗೆ ನಿಂತಿರುತ್ತದೆ. ಅಲ್ಲಿ ನೋಡಿದರೆ ಆರೂವರೆ ಅಡಿಯವರು ನಿಂತಿದ್ದಾರೆ! ಕೋಚ್ ಅವನನ್ನು ರಿಂಗಿನಿಂದ ಆಚೆ ಕಳಿಸುತ್ತಾರೆ. ಈಗ ಅವನು ಗಾರ್ಡ್, ಅಂದರೆ ರಿಂಗಿನಿಂದ ದೂರ ನಿಂತು ಚೆಂಡು ಆಡಿಸುವವನು. ಎಡಗೈಯಲ್ಲೂ ಡ್ರಿಬಲ್, ಅಂದರೆ ಚೆಂಡು ಪುಟಿಸುತ್ತಾ ಸಾಗುವುದು, ಬರಬೇಕು. ಚೆಂಡು ನೋಡದೆ ಡ್ರಿಬಲ್ ಮಾಡಬೇಕು. 6.75 ಮೀಟರ್ ದೂರದ ಮೂರು ಪಾಯಿಂಟ್ ಗೆರೆಯಾಚೆಯಿಂದ ಹೊಡೆಯಬೇಕು. ಹದಿನೆಂಟನೇ ವಯಸ್ಸಿಗೆ ಆಟವನ್ನು ಮತ್ತೆ ಮೊದಲಿನಿಂದ ಕಲಿಯುವುದು ಅಂದರೆ ಹುಡುಗಾಟವಲ್ಲ. ಎಷ್ಟೋ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಸ್ಕೂಲ್ ಕೋಚುಗಳು ಎತ್ತರದ ಮಕ್ಕಳಿಗೂ ಡ್ರಿಬಲ್ ಕಲಿಸಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು. ಆದರೆ ಅವರಿಗೂ ಆ ವರ್ಷದ ಕಪ್ ಬೇಕಲ್ಲ!

ಈ ಕಲಿಕೆ ಕಾಲೇಜಿನ ಮ್ಯಾಚುಗಳಲ್ಲಿ ಆಗುವುದಿಲ್ಲ. ಇಂಟರ್ ಕಾಲೇಜು ಟೂರ್ನಿ ಹೆಚ್ಚಾಗಿ ನಾಕೌಟ್. ಒಂದು ಸೋತರೆ ಬ್ಯಾಗ್ ಎತ್ತಿಕೊಂಡು ಮನೆಗೆ. ಬೆಂಗಳೂರಿನ ಹುಡುಗರಿಗೆ ಇರುವ ಅನುಕೂಲ ಕ್ಲಬ್ಬುಗಳು. ರಾಜಾಜಿನಗರದ ಬೀಗಲ್ಸ್ ಇದೆ, ಯಂಗ್ ಓರಿಯನ್ಸ್ ಇದೆ. ಕ್ಲಬ್ಬಿನ ಕೋರ್ಟಿನಲ್ಲಿ ಸಂಜೆ ಲೈಟು ಹಾಕಿದರೆ ಹತ್ತು ವರ್ಷದ ಮಗುವೂ ಇರುತ್ತದೆ, ಕೆಲಸ ಮುಗಿಸಿ ಬಂದ ಹಳೇ ಆಟಗಾರರೂ ಇರುತ್ತಾರೆ. ಆ ಹಳಬರಿಗೆ ಓಟ ಕಮ್ಮಿ, ಕಿಲಾಡಿತನ ಜಾಸ್ತಿ. ಅವರ ಎದುರು ಆಡಿದರೆ ಎಡಗೈ ತಾನಾಗಿ ಚುರುಕಾಗುತ್ತದೆ. ಸಿಮೆಂಟ್ ಕೋರ್ಟಾದರೆ ಮಂಡಿ ಜೋಪಾನ ಅಷ್ಟೇ. ಸೆಪ್ಟೆಂಬರ್ ಮಳೆ ಬಂದರೆ ಆವತ್ತಿನ ಆಟ ಬಂದ್.

ತ್ರೀ ಆನ್ ತ್ರೀ, ಅಂದರೆ ಕಡೆಗೆ ಮೂರು ಜನ ಆಡುವ ಬ್ಯಾಸ್ಕೆಟ್‌ಬಾಲ್, ಕೂಡ ಒಳ್ಳೆಯದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಿಂದ ಅದಕ್ಕೂ ಪದಕ ಇದೆ. ಅರ್ಧ ಕೋರ್ಟು, ಹತ್ತು ನಿಮಿಷ, ಹೊಡೆಯಲು 12 ಸೆಕೆಂಡು. ಮೊದಲು 21 ಪಾಯಿಂಟ್ ಮಾಡಿದವರು ಗೆದ್ದಂತೆ. ಮೂರೇ ಜನ ಇರುವುದರಿಂದ ಚೆಂಡು ಎಲ್ಲರ ಕೈಗೂ ಬರಲೇಬೇಕು. ಬೆಂಚಿನಿಂದ ಕೂಗಿ ಹೇಳಲು ಕೋಚ್ ಕೂಡ ಇರುವುದಿಲ್ಲ.

ಎರಡನೇ ವರ್ಷ ಫೈನಲ್ ಇಯರ್‌ನವರು ಹೊರಟುಹೋಗುತ್ತಾರೆ. ಅವರ ನಿಮಿಷಗಳು ಖಾಲಿಯಾಗುತ್ತವೆ. ಎಡಗೈ ಪಳಗಿಸಿಕೊಂಡವನಿಗೆ ಈಗ ಇಪ್ಪತ್ತು ನಿಮಿಷ ಸಿಗಬಹುದು.

ಆದರೆ ಅಷ್ಟರಲ್ಲಿ ಹಾಜರಾತಿ ಕೈಕೊಟ್ಟಿರಬಾರದು. ಶೇಕಡಾ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರುವುದೇ ಕಷ್ಟ. ಟೂರ್ನಿಗೆ ಹೋದ ದಿನಗಳಿಗೆ ದೈಹಿಕ ಶಿಕ್ಷಣ ನಿರ್ದೇಶಕರಿಂದ ಪತ್ರ ತೆಗೆದುಕೊಂಡು ವಿಭಾಗದ ಮುಖ್ಯಸ್ಥರಿಗೆ ಕೊಡಬೇಕು. ಹೋಗುವ ಮುಂಚೆಯೇ ಕೊಡಿ, ಸೆಮಿಸ್ಟರ್ ಕೊನೆಗೆ ಅಲ್ಲ. ನಮಸ್ಕಾರ.