ಆಲಿಕಲ್ಲು ಬಿದ್ದ ತೋಟದಲ್ಲಿ ದೇವರು ಎಲ್ಲಿದ್ದ?

ನಮಸ್ಕಾರ. ಚಿಕ್ಕಬಳ್ಳಾಪುರದಿಂದ ಮಾತಾಡುತ್ತಿದ್ದೇನೆ. ಇವತ್ತಿನದು ಸ್ವಲ್ಪ ಸಿಟ್ಟಿನ ಮಾತು, ಮೊದಲೇ ಹೇಳಿಬಿಡುತ್ತೇನೆ.

ಏಪ್ರಿಲ್ ಅಂದರೆ ನಮ್ಮ ಕಡೆ ದ್ರಾಕ್ಷಿ ಬೆಳೆದವರಿಗೆ ಎದೆ ಡವಡವ. ನಂದಿ ಬೆಟ್ಟದ ಕಡೆ ಮೋಡ ಕಪ್ಪಾದರೆ ಯಾರೂ ಖುಷಿಪಡುವುದಿಲ್ಲ. ಒಂದು ವರ್ಷ ಸಂಜೆ ಹೊತ್ತು ಆಲಿಕಲ್ಲು ಸುರಿಯಿತು. ಕಾಲು ಗಂಟೆಯೂ ಇಲ್ಲ. ಕೊಯ್ಲಿಗೆ ಎಂಟೇ ದಿನ ಬಾಕಿಯಿದ್ದ ದಿಲ್‌ಕುಶ್ ದ್ರಾಕ್ಷಿ ಗೊನೆಗಳು ಚಪ್ಪರದ ಕೆಳಗೆ ಕೆಸರಲ್ಲಿ ಬಿದ್ದಿದ್ದವು. ಅಪ್ಪ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಸುಮ್ನೆ ನಿಂತಿದ್ದರು. ಬೋರ್‌ವೆಲ್ ಸಾಲ ಇನ್ನೂ ತೀರಿರಲಿಲ್ಲ.

ಆ ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಒಬ್ಬರು ಬಂದು ಅಪ್ಪನ ಕೈ ಹಿಡಿದರು. "ಬ್ರದರ್, ನಂಬಿಕೆ ಎಲ್ಲೋ ಕಡಿಮೆಯಾಗಿದೆ. ಉಪವಾಸ ಪ್ರಾರ್ಥನೆ ಮಾಡಿ" ಅಂದರು. ಅದೇ ದಿನ ಇನ್ನೊಬ್ಬರು ಎದ್ದು ಸಾಕ್ಷಿ ಹೇಳಿದ್ದರು: ಅಕ್ಕಪಕ್ಕದ ತೋಟವೆಲ್ಲ ಹೋಯಿತು, ನಮ್ಮದು ಮಾತ್ರ ಉಳಿಯಿತು, ಕರ್ತನಿಗೆ ಸ್ತೋತ್ರ! ಸರಿ, ಸಂತೋಷ. ಆದರೆ ಆ ಅಕ್ಕಪಕ್ಕದ ತೋಟದವರು ಅದೇ ಸಭೆಯಲ್ಲಿ ಹಿಂದಿನ ಚಾಪೆ ಮೇಲೆ ಕೂತಿದ್ದೆವಲ್ಲ. ನಮ್ಮ ಪಾಲಿನ ಸಾಕ್ಷಿ ಯಾವುದು?

ಉತ್ತರ ಸಿಕ್ಕಿದ್ದು ಪ್ರವಾದಿ ಹಬಕ್ಕೂಕನ ಹತ್ತಿರ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಅವನದು ಮೂರೇ ಅಧ್ಯಾಯದ ಪುಸ್ತಕ. ಪ್ರಸಂಗದಲ್ಲಿ ಅದರ ಕೊನೆಯ ಸಾಲುಗಳನ್ನು ಓದುತ್ತಾರೆ, ಶುರು ಓದುವುದು ಕಮ್ಮಿ. ಶುರುವಾಗುವುದು ಸ್ತೋತ್ರದಿಂದ ಅಲ್ಲ, ಜಗಳದಿಂದ. ಎಷ್ಟು ದಿನ ಕೂಗಲಿ, ನೀನು ಕೇಳುವುದೇ ಇಲ್ಲವಲ್ಲ ಅಂತ ಪ್ರವಾದಿಯೇ ದೇವರನ್ನು ದಬಾಯಿಸುತ್ತಾನೆ. ಅದಕ್ಕೆ ದೇವರು ಬೈಯಲಿಲ್ಲ. ನಿನಗೆ ನಂಬಿಕೆ ಸಾಲದು ಅಂತಲೂ ಹೇಳಲಿಲ್ಲ. ಉತ್ತರ ಕೊಟ್ಟ. ಆ ಉತ್ತರವೂ ಸಿಹಿಯಾಗಿರಲಿಲ್ಲ ಅನ್ನಿ: ಬಾಬೆಲಿನ, ಅಂದರೆ ಬ್ಯಾಬಿಲೋನ್ ಸಾಮ್ರಾಜ್ಯದ, ದಂಡು ಬರುತ್ತದೆ ಅಂತ.

ಆಮೇಲೆ ಮೂರನೇ ಅಧ್ಯಾಯದ ಕೊನೆ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಳ್ಳಿಯಲ್ಲಿ ಹಣ್ಣಿಲ್ಲದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ಕುರಿ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ, ನನ್ನನ್ನು ರಕ್ಷಿಸುವ ದೇವರಲ್ಲಿ ಆನಂದಿಸುತ್ತೇನೆ ಅನ್ನುತ್ತಾನೆ. ಇದನ್ನು ನಮ್ಮ ಜಿಲ್ಲೆಯಲ್ಲಿ ಕೂತು ಓದಿ ನೋಡಿ. ಪಟ್ಟಿಯಲ್ಲಿ ರೇಷ್ಮೆಗೂಡು, ಟೊಮೆಟೊ ಎರಡೇ ಬಿಟ್ಟುಹೋಗಿರುವುದು! ಬೆಳೆ ವಾಪಸ್ ಬರುತ್ತದೆ ಅಂತ ಅವನು ಎಲ್ಲೂ ಹೇಳುವುದಿಲ್ಲ. ಬಾಬೆಲಿನವರು ಬರದೆಯೂ ಇರಲಿಲ್ಲ. ಕ್ರಿ.ಪೂ. 586ರ ಹೊತ್ತಿಗೆ ಯೆರೂಸಲೇಮಿನ ದೇವಾಲಯವೇ ಬೂದಿ. ಅಂದರೆ ಅವನು "ಆದರೂ" ಅಂದದ್ದು ಕಷ್ಟ ತಪ್ಪಿದ ಮೇಲೆ ಅಲ್ಲ, ಕಷ್ಟ ಬರುವುದು ಖಚಿತ ಅಂತ ಗೊತ್ತಾದ ಮೇಲೆ.

ದಾನಿಯೇಲನ ಪುಸ್ತಕದ ಆ ಮೂವರು ಹುಡುಗರೂ ಹಾಗೇ ಅಲ್ವಾ? ನಮ್ಮ ದೇವರು ಕಾಪಾಡಬಲ್ಲ, ಕಾಪಾಡದಿದ್ದರೂ ನಿನ್ನ ವಿಗ್ರಹಕ್ಕೆ ಅಡ್ಡ ಬೀಳುವುದಿಲ್ಲ ಅಂತ ರಾಜನ ಮುಖಕ್ಕೇ ಹೇಳಿದರು. ಅವರನ್ನು ಉರಿಯುವ ಆವಿಗೆಗೆ ಎಸೆಯುವುದಂತೂ ತಪ್ಪಲಿಲ್ಲ. ಒಳಗೆ ಅವರ ಜೊತೆ ನಾಲ್ಕನೆಯವನು, ದೇವರು ಕಳಿಸಿದವನು, ಕಾಣಿಸಿದ. ಬೆಂಕಿಯ ಹೊರಗೆ ಅಲ್ಲ, ಒಳಗೆ. ಯೇಸುವಿನ ಅಪೊಸ್ತಲ ಪೌಲನೂ ತನ್ನ ಮೈಯಲ್ಲಿದ್ದ ಮುಳ್ಳು ಹೋಗಲಿ ಅಂತ ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ನನ್ನ ಕೃಪೆ ನಿನಗೆ ಸಾಕು ಅನ್ನುವ ಮಾತು ಸಿಕ್ಕಿತು. ಪೌಲನಿಗೆ ನಂಬಿಕೆ ಕಡಿಮೆ ಇತ್ತು ಅನ್ನುವ ಧೈರ್ಯ ಯಾರಿಗಿದೆ?

ಹಾಗಾಗಿ ನಷ್ಟದಲ್ಲಿರುವವರ ನಂಬಿಕೆಯನ್ನು ತಕ್ಕಡಿಗೆ ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಪ್ರಾರ್ಥನೆ ಬೇಡ ಅನ್ನುತ್ತಿಲ್ಲ, ನಮ್ಮಮ್ಮ ಆ ರಾತ್ರಿಯೆಲ್ಲ ಪ್ರಾರ್ಥನೆ ಮಾಡಿದರು. ಅಪ್ಪ ಮಾಡಲಿಲ್ಲ. ಅವರಿಗೆ ಮಾತೇ ಬರಲಿಲ್ಲ. ಆ ಮೌನವನ್ನೂ ದೇವರು ಕೇಳಿಸಿಕೊಂಡ ಅಂತಲೇ ನನ್ನ ನಂಬಿಕೆ.

ಹೇಗೆ ಅಂತೀರಾ? ಆಲಿಕಲ್ಲು ಬಿದ್ದ ಮಾರನೇ ದಿನ ಬೆಳಿಗ್ಗೆ ಪಕ್ಕದ ತೋಟದ ಅಜ್ಜಿ ಬಂದರು. ಸಭೆಯವರಲ್ಲ, ಗಂಗಮ್ಮನ ಗುಡಿಗೆ ಹೋಗುವವರು. ಅವರ ತೋಟವೂ ಹೋಗಿತ್ತು. "ಏನ್ ಮಾಡಕ್ಕಾಯ್ತದಪ್ಪಾ" ಅಂದರು ಅಷ್ಟೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಪ್ಪನ ಜೊತೆ ಕೆಸರಲ್ಲಿ ಕುಕ್ಕರುಗಾಲಲ್ಲಿ ಕೂತು ಒಡೆಯದ ಹಣ್ಣು ಆರಿಸತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಎರಡು ಕ್ರೇಟ್ ಆಯಿತು. ಮಂಡಿಗೆ ಹಾಕುವಂಥ ಮಾಲಲ್ಲ. ಅಮ್ಮ ಹಿಂಡಿ ಸಕ್ಕರೆ ಹಾಕಿ ಪಾನಕ ಮಾಡಿದರು. ಅಪ್ಪ ಎರಡು ಲೋಟ ಕುಡಿದರು.