ಧಾರವಾಡಕ್ಕೆ ಬಂದವರು ಕುಂದಗೋಳದ ರೈಲು ಹತ್ತಿ

ನಮಸ್ಕಾರ. ಧಾರವಾಡ ನೋಡೋಕೆ ಬಂದರೆ ಮೊದಲು ಎಲ್ಲಿಗೆ ಹೋಗಬೇಕು ಅಂತ ಕೇಳುತ್ತಲೇ ಇರುತ್ತೀರಿ. ಹಾಡು ಕೇಳುವ ಹುಚ್ಚಿದ್ದವರು ಇನ್ನೊಂದನ್ನೂ ಕೇಳುತ್ತಾರೆ: ಕನ್ನಡದ ಊರಿನಲ್ಲಿ ಉತ್ತರದ ಹಿಂದೂಸ್ತಾನಿ ಸಂಗೀತ ಹೇಗೆ ಬೇರು ಬಿಟ್ಟಿತು? ಎರಡಕ್ಕೂ ನನ್ನ ಉತ್ತರ ಹುಬ್ಬಳ್ಳಿ ಹತ್ತಿರದ ಕುಂದಗೋಳ.

1956ರವರೆಗೆ ಧಾರವಾಡ ಮುಂಬಯಿ ಆಡಳಿತದಲ್ಲಿತ್ತು. ಮೈಸೂರು ಅರಮನೆಯಲ್ಲಿ ಹಾಡಲು ಹೊರಟ ಉತ್ತರದ ಗಾಯಕರು ಈ ದಾರಿಯಲ್ಲೇ ಬರುತ್ತಿದ್ದರು. ಕಿರಾಣಾ ಘರಾಣೆ ಅನ್ನೋ ಗಾಯನ ಪರಂಪರೆಯ ಅಬ್ದುಲ್ ಕರೀಂ ಖಾನ್ ಇಲ್ಲಿ ಉಳಿದು ಹಾಡಿದರು, ಕಲಿಸಿದರು. ಅವರ ಶಿಷ್ಯರಾದ ಕುಂದಗೋಳದ ರಾಮಭಾವು ಅವರೇ ಮುಂದೆ ಸವಾಯಿ ಗಂಧರ್ವ ಅಂತ ಹೆಸರಾದರು.

ಈಗ ನನಗೆ ತುಂಬ ಇಷ್ಟವಾದ ವಿಷಯ. ಗಾಯಕಿ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದದ್ದು ರೈಲಿನಲ್ಲಿ. ಸುಮಾರು 20 ಕಿಲೋಮೀಟರ್ ದಾರಿ. ಮನೆ, ಮಕ್ಕಳು, ಹಾಡಿನ ಕಚೇರಿ ಎಲ್ಲವನ್ನೂ ಸಂಭಾಳಿಸಿಕೊಂಡು ಹೋಗುತ್ತಿದ್ದರು. ಹುಡುಗ ಭೀಮಸೇನ ಜೋಶಿಯೂ ಅದೇ ಗುರುಗಳ ಹತ್ತಿರ ಕಲಿಯುತ್ತಿದ್ದ. ಜಿಪುಣ ದುಡ್ಡು ಬಿಡುವ ಹಾಗೆ ಒಂದೊಂದೇ ಸ್ವರ ಬಿಡಬೇಕು ಅನ್ನೋದು ಆ ಗುರುಗಳ ಪಾಠ ಅಂತ ಗಂಗೂಬಾಯಿ ಹೇಳುತ್ತಿದ್ದರು. ಗಂಗೂಬಾಯಿಯವರ ವಿಲಂಬಿತ ಖಯಾಲ್, ಅಂದರೆ ನಿಧಾನ ಲಯದ ಹಾಡು, ಒಂದನ್ನು ಮೊಬೈಲಿನಲ್ಲಿ ಹಾಕಿಕೊಂಡು ಆ ರೈಲಿನಲ್ಲಿ ಕೂತುಕೊಳ್ಳಿ. ಹೊರಗೆ ಎರೆಹೊಲ, ಕಿವಿಯಲ್ಲಿ ನಿಧಾನಕ್ಕೆ ಬಿಚ್ಚಿಕೊಳ್ಳುವ ರಾಗ. ಈ ಮಣ್ಣಿನ ಸಂಗೀತಕ್ಕೆ ಯಾಕೆ ಅವಸರವಿಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

ಕುಂದಗೋಳದಲ್ಲಿ ಇಳಿದು ನಾಡಗೀರ ವಾಡೆ ನೋಡಿ. ಖಾನ್ ಸಾಹೇಬರು ಉಳಿದುಕೊಳ್ಳುತ್ತಿದ್ದ ಮನೆ ಅದು. ಸವಾಯಿ ಗಂಧರ್ವರ ನೆನಪಿನಲ್ಲಿ ಅಲ್ಲಿ ರಾತ್ರಿಯಿಡೀ ಹಾಡುವ ಸಂಗೀತೋತ್ಸವ ನಡೆಯುತ್ತಾ ಬಂದಿದೆ. ಆ ಸಮಯಕ್ಕೆ ಬಂದರೆ ನಿದ್ದೆ ಬಿಟ್ಟು ಕೇಳಿ. ಹತ್ತಿರದಲ್ಲೇ ಚಾಲುಕ್ಯರ ಕಾಲದ ಶಂಭುಲಿಂಗ ದೇವಸ್ಥಾನವಿದೆ, ಬಿಡಬೇಡಿ.

ವಿಡಿಯೋ ಉದ್ದವಾಗ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಧಾರವಾಡದಲ್ಲಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕ. ಅಲ್ಲಿ ಸುಮ್ನೆ ಸ್ವಲ್ಪ ಹೊತ್ತು ಕೂತುಕೊಳ್ಳಿ, ಫೋಟೊ ಆಮೇಲೆ. ಸಂಜೆಗೆ ಸಾಧನಕೇರಿ, ಪಕ್ಕದಲ್ಲೇ ಬೇಂದ್ರೆ ಮನೆ. ಪೇಡಾ ಬೇಕಾದರೆ ಲೈನ್ ಬಜಾರ್. ಹುಬ್ಬಳ್ಳಿ-ಧಾರವಾಡ ದಾರಿಯಲ್ಲಿ ಉಣಕಲ್ಲಿನ ಚಂದ್ರಮೌಳೇಶ್ವರ ದೇವಸ್ಥಾನಕ್ಕೂ ಇಳಿಯಬಹುದು. ಆದರೆ ಇರೋದು ಒಂದೇ ದಿನ ಅಂದರೆ ಇವೆಲ್ಲ ಬಿಟ್ಟರೂ ಕುಂದಗೋಳ ಬಿಡಬೇಡಿ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. ವಾಪಸ್ ಬರುವ ಗಾಡಿಯ ಸಮಯವನ್ನು ಹುಬ್ಬಳ್ಳಿಯಲ್ಲೇ ಕೇಳಿಕೊಂಡು ಹೊರಡಿ.